ಅಗುಳಿ ಹಾಕಿದವನೇ ಹೊರಗೆ

ನಾಲ್ವರ ನಮ್ಮ ಪುಟ್ಟ ತಂಡದಲ್ಲಿ ಕೋಡು ಬಹುಕಾಲ ಇಮೇಲಿನಲ್ಲೇ ಓಡಾಡಿಕೊಂಡಿತ್ತು. ‘ಫೈನಲ್’, ‘ಫೈನಲ್ 2’, ‘ಇದೇ ಫೈನಲ್’, ‘ಹಿಂದಿನದನ್ನು ಮರೆತುಬಿಡಿ’ ಎಂಬ ಹೆಸರುಗಳ ಜಿಪ್ ಕಡತಗಳು ದಿನವೂ ಬರುತ್ತಿದ್ದವು, ಹೋಗುತ್ತಿದ್ದವು. ಕೊನೆಗೊಮ್ಮೆ ಒಬ್ಬರ ಮೂರು ದಿನದ ದುಡಿಮೆಯನ್ನು ಇನ್ನೊಬ್ಬರು ತಮಗೆ ತಿಳಿಯದಂತೆಯೇ ಅಳಿಸಿಹಾಕಿದಾಗ, ಬಾಡಿಗೆಯ ಸರ್ವರೊಂದರಲ್ಲಿ ನಮ್ಮದೇ ಗಿಟ್ ರೆಪೊಸಿಟರಿ, ಅಂದರೆ ಕೋಡಿನ ಬದಲಾವಣೆಗಳನ್ನೆಲ್ಲ ನೆನಪಿಟ್ಟುಕೊಳ್ಳುವ ಉಗ್ರಾಣ, ಇಟ್ಟುಕೊಳ್ಳೋಣವೆಂದು ತೀರ್ಮಾನವಾಯಿತು. ಮಾಡುವವರು ಯಾರು ಎಂಬ ಪ್ರಶ್ನೆ ಬಂದೊಡನೆ ಉಳಿದ ಮೂವರು ತಲೆ ತಗ್ಗಿಸಿದರು; ನಾನು ತಗ್ಗಿಸುವುದು ಒಂದು ಗಳಿಗೆ ತಡವಾಯಿತು. ಸಾಲದ್ದಕ್ಕೆ “ಅರ್ಧ ಗಂಟೆಯ ಕೆಲಸ” ಎಂದೂ ಹೇಳಿಬಿಟ್ಟೆ. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಗಿಟ್ ಬರೆಯಲು ಕುಳಿತು, ಕೆಲವೇ ದಿನಗಳಲ್ಲಿ ಗಿಟ್‌ನ ಕೋಡನ್ನು ಗಿಟ್‌ನಲ್ಲೇ ಇಡುವ ಹಂತಕ್ಕೆ ತಂದಿದ್ದರು. ಬರೆಯುವುದಕ್ಕೇ ಅಷ್ಟು ಸಾಕಾಗಿದ್ದರೆ, ಬರೆದಿಟ್ಟದ್ದನ್ನು ಒಂದು ಸರ್ವರಿನಲ್ಲಿ ಕೂರಿಸುವುದಕ್ಕೆ ಎಷ್ಟು ಹೊತ್ತು ಬೇಕು ಎಂಬುದು ನನ್ನ ಲೆಕ್ಕಾಚಾರವಾಗಿತ್ತು.

ಶನಿವಾರ ಮಧ್ಯಾಹ್ನ, ದೂರದ ಕಂಪ್ಯೂಟರಿಗೆ ಗುಟ್ಟಿನ ದಾರಿ ಹಾಕಿಕೊಡುವ ಎಸ್‌ಎಸ್‌ಎಚ್ ಮೂಲಕ ಸರ್ವರಿನೊಳಗೆ ಹೋದೆ. ಈ ಎಸ್‌ಎಸ್‌ಎಚ್ ಹುಟ್ಟಿದ್ದೇ ಒಂದು ಕಳ್ಳತನದಿಂದ. 1995ರಲ್ಲಿ ಫಿನ್ಲೆಂಡಿನ ವಿಶ್ವವಿದ್ಯಾಲಯವೊಂದರ ಜಾಲದಲ್ಲಿ ಯಾರೋ ಕದ್ದು ಕೇಳಿ ಪಾಸ್‌ವರ್ಡುಗಳನ್ನು ಬಾಚಿಕೊಂಡಾಗ, ಟಾಟು ಯ್ಲೋನೆನ್ ಎಂಬವರು ರೋಸಿಹೋಗಿ ಇದನ್ನು ಬರೆದರು. ಅದಕ್ಕೆ ಸಿಕ್ಕ ಪೋರ್ಟ್, ಅಂದರೆ ಸರ್ವರಿನ ಬಾಗಿಲಿನ, ಸಂಖ್ಯೆ 22. ಒಂದು ಪಕ್ಕದ 21ರಲ್ಲಿ ಕಡತ ಸಾಗಿಸುವ ಎಫ್‌ಟಿಪಿ, ಇನ್ನೊಂದು ಪಕ್ಕದ 23ರಲ್ಲಿ ದೂರದ ಕಂಪ್ಯೂಟರಿಗೆ ಲಾಗಿನ್ ಮಾಡಿಸುವ ಟೆಲ್‌ನೆಟ್; ಎರಡೂ ಪಾಸ್‌ವರ್ಡನ್ನು ಬಿಡಿಸಿ ಹೇಳುವ ಬಾಯಿಬಡುಕರು. ಇಬ್ಬರು ಬಾಯಿಬಡುಕರ ನಡುವೆ ತುಟಿ ಬಿಗಿದು ಕುಳಿತ ಈ ಮೌನಿಯನ್ನು ಕಂಡರೆ ನನಗೆ ಮೊದಲಿನಿಂದಲೂ ಗೌರವ. ಆ ಮೌನ ನನ್ನ ವಿಷಯದಲ್ಲೂ ಅಷ್ಟೇ ನಿಷ್ಠುರವಾಗಿರುತ್ತದೆಂದು ಮಾತ್ರ ಹೊಳೆದಿರಲಿಲ್ಲ.

ಮೊದಲ ಎಡವಟ್ಟು ಸಣ್ಣದು. ನನ್ನ ಖಾತೆಯ ಹೋಮ್ ಫೋಲ್ಡರಿನಲ್ಲಿ ‘ಪ್ರಯೋಗ’ ಎಂಬ ಹೆಸರಿನ ರೆಪೊಸಿಟರಿ ಮಾಡಿ, ಲ್ಯಾಪ್‌ಟಾಪಿನಿಂದ ಕೋಡನ್ನು ಅದಕ್ಕೆ ಪುಶ್ ಮಾಡಿದೆ, ಅಂದರೆ ಕಳುಹಿಸಿದೆ. ಗಿಟ್ ಒಪ್ಪಲಿಲ್ಲ. ಹಂಚಿಕೊಳ್ಳುವ ರೆಪೊಸಿಟರಿ ‘ಬೇರ್’ ಆಗಿರಬೇಕು, ಅಂದರೆ ಕೆಲಸದ ಕಡತಗಳನ್ನು ಹರಡಿಕೊಳ್ಳದೆ ಬರೀ ಚರಿತ್ರೆಯನ್ನಷ್ಟೇ ಇಟ್ಟುಕೊಂಡಿರಬೇಕು. ಹರಡಿಕೊಂಡು ಕುಳಿತವರ ಕೈಯಿಂದ ಕಡತ ಕಿತ್ತು ಬದಲಾಯಿಸುವುದು ಗಿಟ್‌ಗೆ ಇಷ್ಟವಿಲ್ಲ. ಲ್ಯಾಪ್‌ಟಾಪಿನ ಪ್ರತಿಯನ್ನು ಅಳಿಸಿದೆ. ಸರ್ವರಿನಲ್ಲಿದ್ದದ್ದನ್ನು ಅಳಿಸುವ ಬದಲು ನನ್ನ ಟಿಪ್ಪಣಿ ಪುಸ್ತಕ ಮಾಡಿಕೊಂಡು, ಮಾಡಿದ ಕೆಲಸವನ್ನೆಲ್ಲ ಬರೆದು ಬರೆದು ಅಲ್ಲಿಯೇ ಕಮಿಟ್ ಮಾಡುತ್ತಾ, ಅಂದರೆ ಚರಿತ್ರೆಗೆ ಸೇರಿಸುತ್ತಾ, ಹೋದೆ. ಆ ಟಿಪ್ಪಣಿಯಲ್ಲಿ ಏನೇನಿತ್ತು ಎಂಬುದು ಆಮೇಲಿನ ಮಾತು.

ಬಳಿಕ ಶಾಸ್ತ್ರೋಕ್ತವಾಗಿ ‘ಗಿಟ್’ ಎಂಬ ಪ್ರತ್ಯೇಕ ಬಳಕೆದಾರನನ್ನು ಸೃಷ್ಟಿಸಿ, ಬೇರ್ ರೆಪೊಸಿಟರಿ ಮಾಡಿ, ಪಾಸ್‌ವರ್ಡಿನ ಬದಲು ಗುರುತು ಹೇಳುವ ತಂತಮ್ಮ ಪಬ್ಲಿಕ್ ಕೀ ಕಳುಹಿಸುವಂತೆ ಎಲ್ಲರಿಗೂ ಹೇಳಿದೆ. ಕೀ ತಯಾರಿಸಿದಾಗ ಎರಡು ಕಡತಗಳು ಹುಟ್ಟುತ್ತವೆ: ‘ಪಬ್’ ಎಂಬ ಬಾಲವಿರುವುದು ಊರಿಗೆಲ್ಲ ಕೊಡಬಹುದಾದದ್ದು, ಬಾಲವಿಲ್ಲದ್ದು ಪ್ರಾಣ ಹೋದರೂ ಕೊಡಬಾರದ್ದು. ತಂಡದ ಕಿರಿಯ ಹುಡುಗ ಬಾಲವಿಲ್ಲದ್ದನ್ನು ಇಮೇಲಿನಲ್ಲಿ ಕಳುಹಿಸಿದ. ತೆರೆದು ನೋಡಿದರೆ ಮೊದಲ ಸಾಲಿನಲ್ಲೇ ‘ಪ್ರೈವೇಟ್ ಕೀ’ ಎಂದು ದೊಡ್ಡಕ್ಷರಗಳಲ್ಲಿ ಬರೆದಿತ್ತು. ಫೋನ್ ಮಾಡಿ, ಗುಟ್ಟಿನ ವಸ್ತುವನ್ನು ಹೀಗೆ ಕಡತದಲ್ಲಿಟ್ಟು ಬೀದಿಗೆ ಬಿಡಬಾರದೆಂದು ಹತ್ತು ನಿಮಿಷ ಉಪದೇಶ ಮಾಡಿದೆ. “ಸರಿ ಸರ್, ಹೊಸದು ಮಾಡಿ ಕಳಿಸ್ತೀನಿ” ಎಂದ. ಆ ಉಪದೇಶದ ಒಂದೊಂದು ಮಾತೂ ನನಗೆ ಇಂದಿಗೂ ನೆನಪಿದೆ. ಅವನಿಗೂ ನೆನಪಿದೆ ಎಂಬುದೇ ನನ್ನ ಕಷ್ಟ.

ಎಲ್ಲರ ಕೀಗಳನ್ನೂ ಸರ್ವರಿನಲ್ಲಿ ಗಿಟ್ ಬಳಕೆದಾರನ ಕೀ ಕಡತಕ್ಕೆ ಹಾಕಿದೆ. ಯಾರಿಗೂ ಪ್ರವೇಶ ಸಿಗಲಿಲ್ಲ. ‘ಪರ್ಮಿಷನ್ ಡಿನೈಡ್’ ಎಂಬ ಎರಡೇ ಪದದ ಉತ್ತರ. ಇಲ್ಲಿ ನಾನು ಮಾಡಿದ್ದನ್ನು ಬಲ್ಲವರ ಮುಂದೆ ಹೇಳಲು ನಾಚಿಕೆಯಾಗುತ್ತದೆ. ಅನುಮತಿ ಇಲ್ಲವೆಂದರೆ ಅನುಮತಿ ಕೊಟ್ಟರಾಯಿತು ಎಂಬ ತರ್ಕದಿಂದ, ಗಿಟ್ ಬಳಕೆದಾರನ ಇಡೀ ಹೋಮ್ ಫೋಲ್ಡರಿಗೆ 777 ಕೊಟ್ಟೆ. ಯಾರು ಬೇಕಾದರೂ ಓದಿ, ಬರೆದು, ನಡೆಸಿ ಎಂದು ಬಾಗಿಲು ಕಿತ್ತು ಪಕ್ಕಕ್ಕಿಟ್ಟಂತೆ. ಉತ್ತರ ಬದಲಾಗಲಿಲ್ಲ. ಒಂದು ತಾಸು ಕೀಗಳನ್ನು ಅಳಿಸಿ, ಬರೆದು, ಮತ್ತೆ ಅಳಿಸಿದ ಮೇಲೆ, ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಕೊನೆಗೆ ಮಾಡಿದೆ: ಸರ್ವರಿನ ದಿನಚರಿಯಾದ ಲಾಗ್ ತೆರೆದು ಓದಿದೆ. ಫೋಲ್ಡರಿನ ಒಡೆತನವೋ ಅನುಮತಿಯೋ ಕೆಟ್ಟಿದೆ, ಆದ್ದರಿಂದ ಕೀ ನಂಬಲಾರೆ ಎಂದು ಅದು ಪ್ರತಿ ಸಲವೂ ತಪ್ಪದೆ ಬರೆದಿಟ್ಟಿತ್ತು. ಯಾರು ಬೇಕಾದರೂ ತಿದ್ದಬಹುದಾದ ಕಡತದಲ್ಲಿರುವ ಕೀ ಯಾರದೆಂದು ಹೇಗೆ ನಂಬುವುದು? ನ್ಯಾಯವಾದ ಮಾತೇ. ನಾನು ಬಾಗಿಲನ್ನು ಅಗಲಿಸಿದಷ್ಟೂ ಕಾವಲುಗಾರನ ಅನುಮಾನ ಹೆಚ್ಚಾಗಿತ್ತು. ಇನ್ನು, 777ಕ್ಕೂ ಮುಂಚೆ ಇದ್ದ ಮೂಲ ರೋಗವೇ ಬೇರೆ. ಕೀ ಇಡುವ ಫೋಲ್ಡರನ್ನು ನಾನು ರೂಟ್ ಆಗಿ, ಅಂದರೆ ಸರ್ವರಿನ ಸರ್ವಾಧಿಕಾರಿಯಾಗಿ, ಮಾಡಿದ್ದರಿಂದ ಅದರ ಒಡೆಯ ರೂಟ್ ಆಗಿಬಿಟ್ಟಿದ್ದ. ಗಿಟ್ ಎಂಬ ಬಡಪಾಯಿಗೆ ತನ್ನ ಮನೆಯ ಬೀಗದ ಕೈಯನ್ನು ತಾನೇ ನೋಡುವ ಹಕ್ಕಿರಲಿಲ್ಲ. ಒಡೆತನ ಬದಲಾಯಿಸಿ, ಹೋಮ್ ಫೋಲ್ಡರಿನ ಅನುಮತಿಗಳನ್ನು ಹಿಂದಿನಂತೆ ಬಿಗಿಮಾಡಿ, ಕೀ ಫೋಲ್ಡರಿಗೆ 700, ಕಡತಕ್ಕೆ 600 ಕೊಟ್ಟು, ಎರಡನ್ನೂ ಒಡೆಯನಿಗಷ್ಟೇ ಮೀಸಲಿಟ್ಟ ಕೂಡಲೇ ಎಲ್ಲರೂ ಒಳಗೆ ಬಂದರು.

ಈ ಗೆಲುವಿನ ಅಮಲಿನಲ್ಲಿ ಭದ್ರತೆಯ ಕಡೆಗೆ ತಿರುಗಿದೆ. ಪಾಸ್‌ವರ್ಡಿನಿಂದ ಲಾಗಿನ್ ಆಗುವುದನ್ನು ನಿಲ್ಲಿಸಿದೆ. ರೂಟ್ ದೂರದಿಂದ ಬರುವುದನ್ನು ನಿಷೇಧಿಸಿದೆ. ಹಳೆಯ ಕಿಟಕಿಯನ್ನು ಮುಚ್ಚದೆ, ಇನ್ನೊಂದು ಕಿಟಕಿಯಲ್ಲಿ ಲಾಗಿನ್ ಆಗಿ ಪರೀಕ್ಷಿಸಿದೆ ಕೂಡ. ಅನುಭವಸ್ಥರು ಹೇಳುವುದು ಹಾಗೆಯೇ. ಎಲ್ಲ ಸರಿಯಿತ್ತು. ಉಳಿದದ್ದು ಒಂದೇ ಸಾಲು. ಗಿಟ್ ಬಳಕೆದಾರನಿಗೆ, ಯಾವ ಆಜ್ಞೆಯನ್ನಾದರೂ ನಡೆಸಿಕೊಡುವ ಮಾಮೂಲಿ ಶೆಲ್ ಆದ ಬ್ಯಾಶ್ ಬದಲು ‘ಗಿಟ್-ಶೆಲ್’ ಕೊಡುವುದು. ಅದು ಪುಶ್, ಕ್ಲೋನ್ (ರೆಪೊಸಿಟರಿಯ ಪೂರ್ತಿ ಪ್ರತಿ ಇಳಿಸಿಕೊಳ್ಳುವುದು) ಇಂಥ ಗಿಟ್ ವ್ಯವಹಾರಗಳನ್ನಷ್ಟೇ ನಡೆಸಿಕೊಟ್ಟು, ಸುಮ್ಮನೆ ಒಳಗೆ ಬಂದು ಸುತ್ತಾಡುವವರನ್ನು ಹೊರಗೆ ಕಳುಹಿಸುತ್ತದೆ. ಆಜ್ಞೆ ಟೈಪಿಸಿದೆ. ಕೊನೆಯಲ್ಲಿ ಬಳಕೆದಾರನ ಹೆಸರು ಬರೆಯಬೇಕು. ಮಧ್ಯಾಹ್ನದಿಂದ ನೂರು ಸಲ ಬರೆದಿದ್ದ ಹೆಸರನ್ನು ಬೆರಳುಗಳು ತಾವಾಗಿಯೇ ಬರೆದವು. ಅದು ನನ್ನ ಹೆಸರು. ಎಂಟರ್ ಒತ್ತಿ, ಎರಡೂ ಕಿಟಕಿಗಳನ್ನು ಮುಚ್ಚಿ, ಮೈಮುರಿದು ಎದ್ದೆ.

ಹತ್ತು ನಿಮಿಷದ ನಂತರ ಏನೋ ನೋಡಲೆಂದು ಮತ್ತೆ ಲಾಗಿನ್ ಆದೆ. ಸರ್ವರು ನನ್ನ ಕೀಯನ್ನು ಪರೀಕ್ಷಿಸಿತು, ಒಪ್ಪಿತು, ಸ್ವಾಗತ ಸಂದೇಶವನ್ನೂ ತೋರಿಸಿತು, ಆಮೇಲೆ ‘ಫೇಟಲ್’ ಎಂದು ಶುರುವಾಗುವ ಒಂದು ಸಾಲು ಬರೆದು ಕತ್ತು ಹಿಡಿದು ನೂಕಿತು. ಗುರುತು ಸಿಗದೆ ಹೊರಗಿಟ್ಟಿದ್ದರೆ ಸಹಿಸಬಹುದಿತ್ತು. ಇದು ಗುರುತು ಹಿಡಿದು, ನಮಸ್ಕಾರ ಮಾಡಿ, ಹೊರಗೆ ಹಾಕಿತ್ತು.

ಅಷ್ಟರಲ್ಲಿ ಹುಡುಗನ ಫೋನ್. “ಸರ್, ಗಿಟ್ ಯೂಸರ್ ಆಗಿ ನಾನು ಆರಾಮಾಗಿ ಒಳಗೆ ಓಡಾಡ್ತಾ ಇದೀನಿ, ಹಿಂಗೆ ಆಗ್ಬೇಕಾ?” ಆಗಬಾರದಾಗಿತ್ತು. ಆದರೂ ದೈವಾನುಗ್ರಹವೆಂದು ಭಾವಿಸಿ, ನನ್ನ ಶೆಲ್ ಬದಲಾಯಿಸಲು ಹೇಳಿದೆ. ಗಿಟ್‌ಗೆ ಸುಡೊ, ಅಂದರೆ ರೂಟ್‌ನಂತೆ ಆಜ್ಞೆ ನಡೆಸುವ, ಅಧಿಕಾರವಿಲ್ಲ. ಕೊಡದೆ ಇದ್ದವನು ನಾನೇ. ಉಳಿದದ್ದು ಬಾಡಿಗೆ ಕೊಟ್ಟವರು ಬ್ರೌಸರಿನಲ್ಲಿ ಒದಗಿಸುವ ಕನ್ಸೋಲ್. ಅದು ಸರ್ವರಿನ ಮುಂದೆಯೇ ಕುಳಿತಂತೆ; ಅಲ್ಲಿ ರೂಟ್ ಆಗಿ ಹೋಗಬಹುದು, ಪಾಸ್‌ವರ್ಡ್ ಗೊತ್ತಿದ್ದರೆ. ಇಪ್ಪತ್ತನಾಲ್ಕು ಅಕ್ಷರಗಳ ಆ ಪಾಸ್‌ವರ್ಡನ್ನು ನಾನು ಬಹಳ ಜೋಪಾನವಾಗಿ ಒಂದೆಡೆ ಬರೆದಿಟ್ಟಿದ್ದೆ: ಸರ್ವರಿನೊಳಗೆ, ನನ್ನ ಹೋಮ್ ಫೋಲ್ಡರಿನ ಟಿಪ್ಪಣಿಯಲ್ಲಿ. ಹುಡುಗನಿಗೆ ತೆರೆಯಲು ಹೇಳಿದೆ. “ಪರ್ಮಿಷನ್ ಡಿನೈಡ್ ಅಂತಿದೆ ಸರ್.” ನನ್ನ ಫೋಲ್ಡರಿಗೂ 700 ಕೊಟ್ಟು ಬಿಗಿಮಾಡಿದ್ದ ನನ್ನ ಶ್ರದ್ಧೆಗೆ ಅದು ಸಂದ ಫಲ.

ಕತ್ತಲಾದ ಮೇಲೆ ತಲೆಯಲ್ಲಿ ಒಂದು ಮಿಂಚು ಹೊಡೆಯಿತು. ಗಿಟ್-ಶೆಲ್ ನನಗೆ ಓಡಾಡಲು ಬಿಡುವುದಿಲ್ಲ ನಿಜ. ಆದರೆ ಕ್ಲೋನ್ ಮಾಡಲು ಬಿಡಲೇಬೇಕು, ಅದು ಇರುವುದೇ ಅದಕ್ಕೆ. ಟಿಪ್ಪಣಿ ಇರುವುದೋ ‘ಪ್ರಯೋಗ’ ಎಂಬ ಗಿಟ್ ರೆಪೊಸಿಟರಿಯಲ್ಲಿ! ಪುಶ್‌ಗೆ ಒಲ್ಲೆನೆಂದಿದ್ದ ಆ ಅನಾಥ ಕೂಸು ಕ್ಲೋನ್‌ಗೆ ತಕ್ಷಣ ಒಲಿಯಿತು. ಎರಡು ಸೆಕೆಂಡಿನಲ್ಲಿ ಪಾಸ್‌ವರ್ಡ್ ಲ್ಯಾಪ್‌ಟಾಪಿನಲ್ಲಿತ್ತು. ಪಾಸ್‌ವರ್ಡನ್ನು ರೆಪೊಸಿಟರಿಗೆ ಕಮಿಟ್ ಮಾಡುವುದು ಈ ವೃತ್ತಿಯ ಮಹಾಪಾತಕಗಳಲ್ಲೊಂದು. ಕಡತ ಅಳಿಸಿದರೂ ಚರಿತ್ರೆಯಲ್ಲಿ ಅದು ಉಳಿದೇ ಇರುತ್ತದೆ. ಅಂದು ಮಾತ್ರ ಆ ಪಾತಕಕ್ಕೆ ಕೈಮುಗಿದೆ.

ಕನ್ಸೋಲಿನಲ್ಲಿ ಪೇಸ್ಟ್ ಆಗುತ್ತಿರಲಿಲ್ಲ. ಸೊನ್ನೆಯೋ ‘ಓ’ ಅಕ್ಷರವೋ ಎಂದು ಕಣ್ಣು ಕಿರಿದು ಮಾಡಿ, ಒಂದೊಂದೇ ಅಕ್ಷರ ಒತ್ತಿ, ಮೂರನೆಯ ಯತ್ನದಲ್ಲಿ ಒಳಹೊಕ್ಕೆ. ನನ್ನ ಶೆಲ್ ನನಗೆ ಮರಳಿತು. ರೂಟ್ ಪಾಸ್‌ವರ್ಡ್ ಬದಲಾಯಿಸಿದೆ. ‘ಪ್ರಯೋಗ’ವನ್ನು ಚರಿತ್ರೆಸಮೇತ ಅಳಿಸಿದೆ. ಹೆಸರನ್ನು ಮೂರು ಸಲ ಗಟ್ಟಿಯಾಗಿ ಓದಿಕೊಂಡು, ಗಿಟ್‌ಗೆ ಗಿಟ್-ಶೆಲ್ ಕೊಟ್ಟು, ಹುಡುಗನಿಗೆ ಲಾಗಿನ್ ಆಗಿ ನೋಡಲು ಹೇಳಿದೆ.

“ಸರ್, ನನ್ನನ್ನೂ ಹೊರಗೆ ಹಾಕ್ತು.”

“ಈಗ ಸರಿಯಾಗಿದೆ” ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಅಲ್ಲ ಸರ್, ಆ ಪಾಸ್‌ವರ್ಡ್ ಕೊನೆಗೆ ಎಲ್ಲಿ ಸಿಕ್ತು?”