ಒಣಗಿದ ಮೇಲೆ ಸರಿ ಹೋಗುತ್ತೆ ಸಾರ್

ಬಣ್ಣ ಹೊಡೆಯಲು ಬರುವ ಪೇಂಟರ್ ಎರಡು ಬಗೆಯ ಸಾಮಾನು ತರುತ್ತಾನೆ. ಬಕೆಟ್, ರೋಲರ್, ಬ್ರಷ್, ಏಣಿ ಒಂದು ಬಗೆ. 'ಒಣಗಿದ ಮೇಲೆ ಸರಿ ಹೋಗುತ್ತೆ ಸಾರ್' ಎಂಬ ಮಾತು ಇನ್ನೊಂದು ಬಗೆ. ಮೊದಲನೆಯದನ್ನು ಮರೆತು ಬಂದು ನಿಮ್ಮ ಮನೆಯ ಏಣಿ, ಹಳೇ ಬಟ್ಟೆ, ಕೊನೆಗೆ ಸ್ನಾನದ ಮಗ್ಗನ್ನೂ ಕೇಳುವುದುಂಟು. ಎರಡನೆಯದನ್ನು ಮರೆತು ಬಂದವನಿಲ್ಲ.

ತೊಂದರೆ ಏನೆಂದರೆ, ಆ ಮಾತು ಅರ್ಧ ನಿಜ. ಎಮಲ್ಷನ್, ಅಂದರೆ ನೀರು ಬೆರೆಸಿ ಬಳಿಯುವ ಗೋಡೆಬಣ್ಣ, ಹಸಿಯಾಗಿದ್ದಾಗ ಹಾಲು ಬೆರೆಸಿದಂತೆ ಬಿಳಿಚಿಕೊಂಡಿರುತ್ತದೆ, ಒಣಗಿದಾಗ ಸ್ವಲ್ಪ ಗಾಢವಾಗುತ್ತದೆ. ಗೋಡೆಯ ಒಂದು ಭಾಗ ಒಣಗಿ ಇನ್ನೊಂದು ಹಸಿಯಿದ್ದರೆ ಥೇಟ್ ಭೂಪಟ. ಇದೆಲ್ಲ ನಾಲ್ಕಾರು ಗಂಟೆಯಲ್ಲಿ ನಿಜವಾಗಿಯೂ ಸರಿ ಹೋಗುತ್ತದೆ. ಹಾಗೆ ಒಮ್ಮೆ ಸರಿ ಹೋದದ್ದನ್ನು ಕಂಡ ಯಜಮಾನರು ಮುಂದೆ ಸೋರಿದ ಬಣ್ಣದ ಹನಿ, ಅಂಟಿಕೊಂಡ ಬ್ರಷ್ಷಿನ ಕೂದಲು, ಗೋಡೆ ನಯವಾಗಲೆಂದು ಮೆತ್ತುವ ಪುಟ್ಟಿಯ ಉಬ್ಬುತಗ್ಗು ಎಲ್ಲವನ್ನೂ ನಂಬಿಕೆಯಿಂದ ಒಣಗಲು ಬಿಡುತ್ತಾರೆ. ಒಣಗುತ್ತದೆ. ಸರಿ ಮಾತ್ರ ಹೋಗುವುದಿಲ್ಲ.

ಮೊದಲ ಜಗಳ ಬಣ್ಣದ ಡಬ್ಬಿ ಬರುವ ಮೊದಲೇ, ಅಳತೆಯಲ್ಲಿ. 'ನೂರಿಪ್ಪತ್ತು ಅಡಿ ರೂಮು' ಎನ್ನುತ್ತೀರಿ ನೀವು. 'ನಾನೂರು ಆಗುತ್ತೆ' ಎನ್ನುತ್ತಾನೆ ಅವನು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನೀವು ಹೇಳಿದ್ದು ನೆಲ, ಅವನು ಹೇಳಿದ್ದು ಗೋಡೆ. 12 ಅಡಿಗೆ 10 ಅಡಿಯ ಕೋಣೆಯ ಸುತ್ತಳತೆ 44 ಅಡಿ. ಎತ್ತರ 10 ಅಡಿ ಇದ್ದರೆ 440 ಚದರ ಅಡಿ, ಬಾಗಿಲು ಕಿಟಕಿ ಕಳೆದರೆ ಸುಮಾರು 400. ಒಳಚಾವಣಿ ಬೇರೆ 120. ನಯವಾದ ಗೋಡೆಯ ಮೇಲೆ ಒಂದು ಲೀಟರ್ ಎಮಲ್ಷನ್ ಒಂದು ಕೋಟ್‌ಗೆ, ಅಂದರೆ ಒಂದು ಸಲ ಬಳಿಯಲು, ಹೆಚ್ಚುಕಡಿಮೆ 110ರಿಂದ 130 ಚದರ ಅಡಿ ಬರುತ್ತದೆ. ಗೋಡೆಗಳಿಗೆ ಎರಡು ಕೋಟ್ ಅಂದರೆ ಏಳು ಲೀಟರ್ ಆಸುಪಾಸು. ಬಾಗಿಲು ಕಿಟಕಿಯ ಜಾಗ ಕಳೆಯುತ್ತಾನೋ ಇಲ್ಲವೋ, ದರದಲ್ಲಿ ಸಾಮಾನು ಸೇರಿದೆಯೋ ಬರೀ ಕೂಲಿಯೋ, ಪುಟ್ಟಿ ಎಷ್ಟು ಸಲ, ಬಣ್ಣಕ್ಕೆ ಮೊದಲು ತಳಕ್ಕೆ ಬಳಿಯುವ ಪ್ರೈಮರ್ ಉಂಟೋ, ಬಣ್ಣ ಎಷ್ಟು ಕೋಟ್ ಎಂಬುದೆಲ್ಲ ಕಾಗದದ ಮೇಲೆ ಬರಬೇಕು. 'ಫುಲ್ ಫಿನಿಶಿಂಗ್ ಸಾರ್' ಎಂಬುದು ಅಳತೆಯಲ್ಲ.

ಇನ್ನು ತೇವದ ಗೋಡೆ. ಇಲ್ಲಿ 'ಒಣಗಿದ ಮೇಲೆ' ಎನ್ನುವ ದಿನವೇ ಬರುವುದಿಲ್ಲ, ಏಕೆಂದರೆ ನೀರು ಬರುತ್ತಿರುವುದು ಹಿಂದಿನಿಂದ. ಬಾತ್‌ರೂಮಿನ ಪೈಪೋ ಹೊರಗೋಡೆಯ ಬಿರುಕೋ ಹಾಗೇ ಇರುವಾಗ ಮುಂದೆ ಎಷ್ಟು ದುಬಾರಿ ಬಣ್ಣ ಬಳಿದರೂ ಅದು ಗುಳ್ಳೆ ಏಳುತ್ತದೆ. ಗೋಡೆಯೊಳಗಿನ ಲವಣ ನೀರಿನ ಜೊತೆ ಹೊರಬಂದು ಬಿಳಿ ಹುಡಿಯಾಗಿ ಕೂರುತ್ತದೆ. ಅನುಮಾನವಿದ್ದರೆ ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿಗಟ್ಟಿದರೆ ತೇವ ಗೋಡೆಯದು, ಹೊರಮೈಯಲ್ಲಿ ಕಟ್ಟಿದರೆ ಕೋಣೆಯ ಗಾಳಿಯದು. ಮೊದಲನೆಯದಾದರೆ ಪೇಂಟರನ್ನು ಕಳಿಸಿ ಪ್ಲಂಬರನ್ನು ಕರೆಯಿರಿ. ಹೊಸ ಗಾರೆಯಾದರೂ ಅಷ್ಟೇ, ಕಡಿಮೆಯೆಂದರೆ 28 ದಿನ ಅದರ ಪಾಡಿಗೆ ಬಿಡಬೇಕು. ಗೃಹಪ್ರವೇಶದ ಮುಹೂರ್ತ ಗಾರೆಗೆ ಗೊತ್ತಾಗುವುದಿಲ್ಲ.

ನಿಜವಾದ ಕೆಲಸ ಪುಟ್ಟಿಯಲ್ಲಿದೆ. ಬಣ್ಣ ಬಳಿಯುವುದು ಕೊನೆಯ ಎರಡು ದಿನದ ಹಬ್ಬ. ಅದರ ಹಿಂದಿನ ದಿನಗಳೆಲ್ಲ ಕೆರೆಯುವುದು, ತುಂಬುವುದು, ಉಜ್ಜುವುದು. ಸಿಮೆಂಟ್ ಪುಟ್ಟಿಯನ್ನು ತೆಳ್ಳಗೆ ಎರಡು ಸಲ ಎಳೆಯಬೇಕು. ಆಳದ ಗುಂಡಿಗೆ ಗಾರೆಯೇ ಆಗಬೇಕು. ಅದಕ್ಕೂ ಪುಟ್ಟಿಯನ್ನೇ ಮೆತ್ತಿದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಕೂದಲೆಳೆಯ ಬಿರುಕನ್ನು ಮೇಲಿಂದ ಮುಚ್ಚಿದರೂ ಮತ್ತೆ ಇಣುಕುತ್ತದೆ. ಮೊದಲು ಕೆರೆದು ಸ್ವಲ್ಪ ಅಗಲ ಮಾಡಿ, ಆಮೇಲೆ ತುಂಬಬೇಕು. ನಂತರ 120 ನಂಬರಿನ ಸ್ಯಾಂಡ್‌ಪೇಪರ್, ಕೊನೆಗೆ 220. ಹಳೇ ಮನೆಯಾದರೆ ಒಂದು ಎಚ್ಚರ: ಹಳೆಯ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು, ಅದನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬಾರದು. ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.

ಉಜ್ಜುವ ದಿನದ ಧೂಳಿನ ಬಗ್ಗೆ ಪೇಂಟರ್ ಹೇಳುವುದು 'ಸ್ವಲ್ಪ ಬರುತ್ತೆ' ಎಂದಷ್ಟೇ. ಅದು ಬೀಗ ಹಾಕಿದ ಬೀರುವಿನೊಳಗಿನ, ಮಡಿಚಿಟ್ಟ ಸೀರೆಯ, ಒಳಮಡಿಕೆಗೆ ಹೋಗಿ ಕೂರುತ್ತದೆ. ಮನೆಯವರೆಲ್ಲ ಒಂದೇ ದಿನದಲ್ಲಿ ತಲೆ ನರೆತು ಹಿರಿಯರಾಗುತ್ತಾರೆ. ಅದೇ ಧೂಳನ್ನು ಗೋಡೆಯಿಂದ ಒರೆಸದೆ ಪ್ರೈಮರ್ ಹೊಡೆದರೆ ಬಣ್ಣ ಅಂಟುವುದು ಗೋಡೆಗಲ್ಲ, ಧೂಳಿಗೆ. ಮುಂದೊಂದು ದಿನ ಟೇಪ್ ಕಿತ್ತಾಗ ಹಾವಿನ ಪೊರೆಯಂತೆ ಎದ್ದು ಬರುತ್ತದೆ.

ಬಣ್ಣದ ಆಯ್ಕೆಯಲ್ಲಿ ಪೇಂಟರಿನ ತಪ್ಪಿಲ್ಲ, ನಮ್ಮದೇ. ಬೆರಳಗಲದ ಚೀಟಿ ನೋಡಿ ನಾಲ್ಕು ಗೋಡೆ ತೀರ್ಮಾನಿಸುತ್ತೇವೆ. ಎದುರುಬದುರು ಗೋಡೆಗಳು ಒಂದರ ಬಣ್ಣವನ್ನು ಇನ್ನೊಂದಕ್ಕೆ ಚೆಲ್ಲುವುದರಿಂದ ಕೋಣೆಯಲ್ಲಿ ಅದು ಚೀಟಿಗಿಂತ ಗಾಢವಾಗಿ ಕಾಣುತ್ತದೆ. ಚೀಟಿಯಲ್ಲಿ ಎಳೆ ನಿಂಬೆ, ಗೋಡೆಯಲ್ಲಿ ಶಾಲಾ ಬಸ್ಸು. ಎರಡಡಿ ಚೌಕ ಎರಡು ಕೋಟ್ ಬಳಿಸಿ ಬೆಳಗ್ಗೆ, ಸಂಜೆ, ರಾತ್ರಿ ದೀಪದಲ್ಲಿ ನೋಡಿ. ಮೂರು ಚೌಕಕ್ಕಿಂತ ಹೆಚ್ಚು ಬೇಡ. ನಾಲ್ಕನೆಯದಕ್ಕೆ ಮನೆಯಲ್ಲಿ ಮಾತು ನಿಲ್ಲುತ್ತದೆ. ಒಂದೇ ಸಂಖ್ಯೆಯ ಎರಡು ಡಬ್ಬಿಗಳ ನಡುವೆಯೂ ಕೂದಲೆಳೆ ವ್ಯತ್ಯಾಸ ಇರಬಹುದಾದ್ದರಿಂದ ಎಲ್ಲವನ್ನೂ ದೊಡ್ಡ ಬಕೆಟ್ಟಿಗೆ ಸುರಿದು ಕಲಕಿಸಿ. ಆಗದಿದ್ದರೆ ಡಬ್ಬಿ ಬದಲಾಗುವುದು ಮೂಲೆಯಲ್ಲಿರಲಿ, ನಟ್ಟನಡು ಗೋಡೆಯಲ್ಲಿ ಅಲ್ಲ.

ನೀರು ಎಷ್ಟು ಬೆರೆಸಬೇಕೆಂದು ಡಬ್ಬಿಯ ಮೇಲೇ ಅಚ್ಚಾಗಿರುತ್ತದೆ. ಅದನ್ನು ಓದುವ ಅಭ್ಯಾಸ ಈ ವೃತ್ತಿಯಲ್ಲಿ ಕಡಿಮೆ. ನಿಮ್ಮ ಸ್ನಾನದ ಮಗ್ಗಿಗೆ ಕೆಲಸ ಬರುವುದು ಇಲ್ಲಿ. ನೀರು ಜಾಸ್ತಿಯಾದರೆ ಬಣ್ಣ ಹೆಚ್ಚು ಗೋಡೆಗೆ ಬರುತ್ತದೆ, ಪೇಂಟರಿಗೆ ಕೈ ಓಡುತ್ತದೆ. ಆದರೆ ಹಿಂದಿನ ಬಣ್ಣ ಇಣುಕುತ್ತದೆ, ಅಂಟು ತೆಳುವಾಗಿ ಒರಗಿದವರ ಬೆನ್ನಿಗೆ ಹುಡಿ ಹತ್ತುತ್ತದೆ. ಅಂಚುಗಳನ್ನು ಬ್ರಷ್ಷಿನಲ್ಲಿ ಬರೆದರೆ ಅದು ಹಸಿಯಿರುವಾಗಲೇ ರೋಲರ್ ಬಂದು ಕೂಡಬೇಕು. ಊಟಕ್ಕೆ ಎದ್ದು ಹೋಗಿ ಬಂದು ಮುಂದುವರಿಸಿದರೆ ಊಟದ ಸಮಯ ಗೋಡೆಯ ಮೇಲೆ ಗೆರೆಯಾಗಿ ದಾಖಲಾಗುತ್ತದೆ. ಅಂಚಿಗೆ ಹಚ್ಚಿದ ಟೇಪನ್ನು ಕೊನೆಯ ಕೋಟ್ ಇನ್ನೂ ಕೊಂಚ ಹಸಿಯಿರುವಾಗ ಓರೆಯಾಗಿ ಎಳೆಯಬೇಕು. ವಾರ ಬಿಟ್ಟರೆ ಬಣ್ಣವನ್ನೂ ಜೊತೆಗೆ ಕರೆದೊಯ್ಯುತ್ತದೆ. ಸ್ವಿಚ್‌ಬೋರ್ಡಿಗೆ ಟೇಪ್ ಹಚ್ಚದಿದ್ದರೆ ಸ್ಕ್ರೂ, ಸ್ವಿಚ್, ಹಲ್ಲಿ ಎಲ್ಲಕ್ಕೂ ಒಂದೇ ಬಣ್ಣ.

ಕೊನೆಯ ಕಂತು ಕೊಡುವ ಮುಂಚೆ ಟಾರ್ಚನ್ನು ಗೋಡೆಗೆ ಒರಗಿಸಿ ಪಕ್ಕದಿಂದ ಬೆಳಕು ಬಿಡಿ, ಉಬ್ಬುತಗ್ಗೆಲ್ಲ ನೆರಳು ಬಿಡುತ್ತವೆ. ಹೊಳಪಿನ ಬಣ್ಣವಾದರೆ ಟಾರ್ಚೂ ಬೇಡ, ಬರಿಗಣ್ಣಿಗೇ ಕಾಣುತ್ತದೆ. ಕಂಡ ಕಲೆಗೆ ಅಲ್ಲಲ್ಲೇ ತೇಪೆ ಹಾಕಿಸಿದರೆ ತೇಪೆಯೇ ಕಾಣುತ್ತದೆ. ಮೂಲೆಯಿಂದ ಮೂಲೆಗೆ ಆ ಇಡೀ ಗೋಡೆ ಇನ್ನೊಮ್ಮೆ ಬಳಿಸಬೇಕು. ಇದನ್ನು ಹೇಳಿದಾಗ ಪೇಂಟರ್ ಏನನ್ನುತ್ತಾನೆ ಎಂದು ನಿಮಗೀಗ ಗೊತ್ತಿದೆ. ಉಳಿದ ಬಣ್ಣ ಒಂದು ಲೀಟರನ್ನಾದರೂ ಬಿಗಿಯಾಗಿ ಮುಚ್ಚಿ, ಬಣ್ಣದ ಸಂಖ್ಯೆ, ಕೋಣೆಯ ಹೆಸರು, ತಾರೀಖು ಬರೆದು ಇಟ್ಟುಕೊಳ್ಳಿ. 'ಹಸಿ ಬಣ್ಣ, ಮುಟ್ಟಬೇಡಿ' ಎಂಬ ಚೀಟಿಯನ್ನು ಓದಿ, ನಿಜವೋ ಎಂದು ಒಂದು ಬೆರಳಿಟ್ಟು ನೋಡುವ ನೆಂಟರು ಸಂಜೆಯೊಳಗೆ ಬಂದೇ ಬರುತ್ತಾರೆ.