ಸತ್ಯಾಂಶ: ‘ಮೂರು ಜರಡಿ’ ಕಥೆ ಸಾಕ್ರೆಟಿಸ್‌ನದ್ದಲ್ಲ

ಮತ್ತೆ ಮತ್ತೆ ಫಾರ್ವರ್ಡ್ ಆಗುವ ಕಥೆಯಿದು: ಗೆಳೆಯನ ಬಗ್ಗೆ ಏನೋ ಹೇಳಲು ಬಂದವನನ್ನು ಸಾಕ್ರೆಟಿಸ್ ತಡೆದು, ‘ಅದು ನಿಜವೇ, ಒಳ್ಳೆಯದೇ, ಉಪಯೋಗದ್ದೇ?’ ಎಂದು ಕೇಳುತ್ತಾನೆ. ಒಂದಕ್ಕೂ ಹೌದು ಎನ್ನಲಾಗದಿದ್ದಾಗ, ‘ಹಾಗಾದರೆ ಹೇಳಲೇಬೇಡ’ ಎನ್ನುತ್ತಾನೆ.

ಸಾಕ್ರೆಟಿಸ್ ತಾನಾಗಿ ಏನನ್ನೂ ಬರೆದಿಡಲಿಲ್ಲ. ಅವನ ಬಗ್ಗೆ ನಮಗೆ ತಿಳಿದಿರುವುದು ಮುಖ್ಯವಾಗಿ ಅವನ ಶಿಷ್ಯರಾದ ಪ್ಲೇಟೊ, ಕ್ಸೆನೊಫೋನ್ ಬರಹಗಳಿಂದ. ಅವುಗಳಲ್ಲಿ ಈ ಕಥೆ ಎಲ್ಲೂ ಇಲ್ಲ.

ಚಾಡಿಮಾತಿಗೆ ಕಡಿವಾಣ ಹಾಕಲು ಇದು ಒಳ್ಳೆಯ ಸಲಹೆಯೇ. ಆದರೆ ಒಂದು ಮಾತು ನಿಜವೋ ಸುಳ್ಳೋ ಎಂದು ತಿಳಿಯುವುದು ಹೇಗೆ? ಅದನ್ನು ಈ ಕಥೆ ಕಲಿಸುವುದಿಲ್ಲ. ಕಷ್ಟದ ಕೆಲಸ ಇರುವುದೇ ಅಲ್ಲಿ.

ಆ ಕೆಲಸ ಹೇಗೆ ನಡೆಯುತ್ತದೆ ಎಂಬುದು ಪ್ಲೇಟೊನ ‘ಲ್ಯಾಕೀಸ್’ ಸಂವಾದದಲ್ಲಿ ಕಾಣುತ್ತದೆ. ಧೈರ್ಯವೆಂದರೇನು ಎಂದು ಸಾಕ್ರೆಟಿಸ್ ಕೇಳಿದರೆ, ‘ಓಡಿಹೋಗದೆ, ನಿಂತ ಜಾಗದಲ್ಲೇ ಶತ್ರುವನ್ನು ಎದುರಿಸುವುದು’ ಎನ್ನುತ್ತಾನೆ ಸೇನಾನಿ ಲ್ಯಾಕೀಸ್. ಸಾಕ್ರೆಟಿಸ್ ಹೀಗಳೆಯುವುದಿಲ್ಲ, ಹಿಮ್ಮೆಟ್ಟುತ್ತಲೇ ಕಾದಾಡುವ ಸಿಥಿಯನ್ ಕುದುರೆ ಸವಾರರನ್ನು ನೆನಪಿಸುತ್ತಾನೆ. ಅದು ಸವಾರರ ಮಾತಾಯಿತು, ಕಾಲಾಳುಗಳ ವಿಷಯ ಬೇರೆ ಎನ್ನುತ್ತಾನೆ ಲ್ಯಾಕೀಸ್. ಆಗ ಸಾಕ್ರೆಟಿಸ್, ಗ್ರೀಕರು ಪರ್ಷಿಯನ್ನರ ವಿರುದ್ಧ ಕಾದಾಡಿದ ಪ್ಲಟೀಯ ಯುದ್ಧದ (ಕ್ರಿ.ಪೂ. 479) ಉದಾಹರಣೆ ಕೊಡುತ್ತಾನೆ: ಸ್ಪಾರ್ಟಾದ ಕಾಲಾಳುಗಳೇ ಹಿಂದೆ ಸರಿದು, ಪರ್ಷಿಯನ್ನರ ಸಾಲು ಒಡೆದಾಗ ತಿರುಗಿಬಿದ್ದು ಗೆದ್ದರಲ್ಲ! ಲ್ಯಾಕೀಸ್ ಒಪ್ಪಿಕೊಳ್ಳುತ್ತಾನೆ.

ನನಗೆ ತುಂಬ ಇಷ್ಟವಾಗುವ ಭಾಗವಿದು. ‘ಯಾವಾಗಲೂ ಹೀಗೇ’ ಎನ್ನುವ ಮಾತನ್ನು ಕೆಡವಲು ಒಂದೇ ಒಂದು ಪ್ರತ್ಯುದಾಹರಣೆ ಸಾಕಾಯಿತು; ಹೇಳಿದವನ ಮೇಲೆ ಹರಿಹಾಯುವ ಅಗತ್ಯವೇ ಬೀಳಲಿಲ್ಲ. ಸಂವಾದ ಮುಗಿದಾಗಲೂ ಧೈರ್ಯದ ಪಕ್ಕಾ ವ್ಯಾಖ್ಯಾನ ಸಿಕ್ಕಿರುವುದಿಲ್ಲ, ಮರುದಿನ ಮತ್ತೆ ಸೇರಲು ಒಪ್ಪಿ ಏಳುತ್ತಾರೆ.