ಬರೆಯುವವರ ಮುಷ್ಕರದಲ್ಲಿ ನೋಡುವವರಿಗೇನು ಕೆಲಸ?

2007ರ ನವೆಂಬರ್ 5ರಂದು ಅಮೆರಿಕದ ಸಿನಿಮಾ, ಟಿವಿ ಬರಹಗಾರರು ಕೆಲಸ ನಿಲ್ಲಿಸಿದರು. ಸುಮಾರು 12 ಸಾವಿರ ಜನ. ನೂರು ದಿನ ಲಾಸ್ ಏಂಜಲೀಸ್, ನ್ಯೂಯಾರ್ಕ್‌ಗಳಲ್ಲಿ ಬೋರ್ಡು ಹಿಡಿದು ಸುತ್ತಿದರು. ಆ ಗುಂಪಿನಲ್ಲಿ ಒಂದು ಸಾಲನ್ನೂ ಬರೆಯದವರು ಕೆಲವರಿದ್ದರು. ಅವರು ಬರೀ ಟಿವಿ ನೋಡುವವರು. ತಮಗಿಷ್ಟವಾದ ಶೋ ನಿಂತುಹೋಗಿದ್ದರೂ, ನಿಲ್ಲಿಸಿದವರಿಗೇ ಪಿಜ್ಜಾ ತರಿಸಿಕೊಟ್ಟವರು. 2023ರಲ್ಲಿ ಬರಹಗಾರರು ಮತ್ತೆ 148 ದಿನ ಬೀದಿಯಲ್ಲಿದ್ದರು. ಆಗಲೂ ಅಭಿಮಾನಿಗಳು ಅವರ ಕಡೆಗೇ ನಿಂತರು.

ಇದು ಸರಿಯೇ? ಎರಡು ಕಡೆಯ ವಾದವನ್ನೂ ನಾನೇ ಬರೆದಿದ್ದೇನೆ. ಒಂದನ್ನು ಬರೆಯುವಾಗ ಕೈ ಸ್ವಲ್ಪ ಜಾಸ್ತಿ ಓಡಿತು. ಯಾವುದು ಅಂತ ನಾನು ಹೇಳುವುದಿಲ್ಲ.

ಪರ: ನಮ್ಮ ಸಿಟ್ಟನ್ನು ಯಾರಿಗೂ ಬಾಡಿಗೆಗೆ ಕೊಡಬೇಡಿ

ಮೊದಲು ನಾಲ್ಕು ಸೆಂಟಿನ ಕಥೆ.

1980ರ ದಶಕದಲ್ಲಿ ವಿಡಿಯೋ ಕ್ಯಾಸೆಟ್ ಹೊಸತು. ತಯಾರಿಸಲು ದುಬಾರಿ, ಮಾರುಕಟ್ಟೆ ಹೇಗೋ ಏನೋ ಎಂದು ಸ್ಟುಡಿಯೋಗಳು ಹೇಳಿದವು. ಹಾಗಾಗಿ ಕ್ಯಾಸೆಟ್‌ನಿಂದ ಬಂದ ಹಣದಲ್ಲಿ ಶೇ 80 ಭಾಗವನ್ನು ಖರ್ಚು ಅಂತ ಪಕ್ಕಕ್ಕೆ ಇಟ್ಟು, ಉಳಿದ ಶೇ 20ರಲ್ಲಿ ಮಾತ್ರ ಬರಹಗಾರರಿಗೆ ಪಾಲು ಕೊಡುವ ಲೆಕ್ಕ ಬಂತು. ಆಮೇಲೆ ಕ್ಯಾಸೆಟ್ ಅಗ್ಗವಾಯಿತು. ಅದರ ಹಿಂದೆ ಡಿವಿಡಿ ಬಂತು. ಅದಂತೂ ಇನ್ನೂ ಅಗ್ಗ. ಲೆಕ್ಕ ಮಾತ್ರ ಬದಲಾಗಲಿಲ್ಲ. 2007ರಲ್ಲಿ ಒಂದು ಡಿವಿಡಿ ಮಾರಾಟವಾದರೆ ಬರೆದವರಿಗೆ ಸಿಗುತ್ತಿದ್ದದ್ದು ಸುಮಾರು ನಾಲ್ಕು ಸೆಂಟ್. ಎಂಟು ಕೊಡಿ ಅಂತ ಕೇಳಿದರು.

ಇಂಥ ಪಾಲಿಗೆ ಅಲ್ಲಿ ರೆಸಿಡ್ಯುಯಲ್ ಅನ್ನುತ್ತಾರೆ. ಅದು ಭಕ್ಷೀಸು ಅಲ್ಲ. ಬರಹಗಾರರಿಗೆ ವರ್ಷವಿಡೀ ಸಂಬಳ ಇರುವುದಿಲ್ಲ. ಒಂದು ಶೋ ಮುಗಿದು ಇನ್ನೊಂದು ಸಿಗುವವರೆಗೆ ಮನೆ ಬಾಡಿಗೆ ಕಟ್ಟುವುದು ಈ ದುಡ್ಡಿನಲ್ಲಿ.

ಇದರಲ್ಲಿ ಅಭಿಮಾನಿ ಎಲ್ಲಿ ಬಂದ? ಆ ಡಿವಿಡಿ ಕೊಂಡವನೇ ಅವನು! 2007ರ ಹೊತ್ತಿಗೆ ಚಾನೆಲ್‌ಗಳು ತಮ್ಮ ವೆಬ್‌ಸೈಟ್‌ಗಳಲ್ಲಿ ಇಡೀ ಕಂತುಗಳನ್ನು ಹಾಕುತ್ತಿದ್ದವು. ನಡುವೆ ಜಾಹೀರಾತು ಬೇರೆ. ಬರಹಗಾರರು ಪಾಲು ಕೇಳಿದರೆ, ಇದು ಬರೀ ಪ್ರಚಾರ, ಇದಕ್ಕೆ ದುಡ್ಡು ಕೊಡುವ ಹಾಗಿಲ್ಲ ಎಂಬ ಉತ್ತರ ಬರುತ್ತಿತ್ತು. ಆ ಜಾಹೀರಾತುಗಳನ್ನು ನೋಡಿ ಮುಗಿಸಿದ ಅಭಿಮಾನಿಗೆ ಗೊತ್ತಿತ್ತು, ಅದು ಪ್ರಚಾರ ಅಲ್ಲ ಅಂತ. ಅವನು ಈ ಜಗಳಕ್ಕೆ ಸಾಕ್ಷಿ. ಸಾಕ್ಷಿಗೆ ಸುಮ್ಮನಿರು ಅನ್ನುವುದು ಯಾವ ನ್ಯಾಯ?

ಇನ್ನೊಂದು ಮಾತು. ಸಿನಿಮಾ ನಿರ್ದೇಶಕರದು, ಅಮೆರಿಕದ ಟಿವಿ ಬರಹಗಾರರದು. ಅಲ್ಲಿ ಶೋ ನಡೆಸುವುದೇ ಮುಖ್ಯ ಬರಹಗಾರ. ನಿರ್ದೇಶಕರು ಕಂತಿಗೊಬ್ಬರಂತೆ ಬಂದು ಹೋಗುತ್ತಾರೆ. ನಮ್ಮ ಕಡೆ ಧಾರಾವಾಹಿಯ ಮಾತು ಬಂದರೆ ನಟಿಯ ಹೆಸರು ಬಾಯಿಗೆ ಬರುತ್ತದೆ. ಸಂಭಾಷಣೆ ಬರೆದವರು ಯಾರು ಅಂತ ಕೇಳಿ ನೋಡಿ. ಅಲ್ಲಿನ ಅಭಿಮಾನಿಗಳು ಬರೆದವರ ಹೆಸರು ತಿಳಿದುಕೊಂಡಿದ್ದರು. ಜಾಸ್ ವೀಡನ್ ಎಂಬ ಟಿವಿ ಬರಹಗಾರನ ಶೋಗಳ ಅಭಿಮಾನಿಗಳು ಸೇರಿ ಮುಷ್ಕರನಿರತರಿಗೆ ಬೆಂಬಲದ ಗುಂಪನ್ನೇ ಕಟ್ಟಿದರು. ಡಿಸೆಂಬರ್ 7ರಂದು ಫಾಕ್ಸ್ ಸ್ಟುಡಿಯೋ ಮುಂದೆ ಬರಹಗಾರರ ಜೊತೆ ಅಭಿಮಾನಿಗಳೂ ಬೋರ್ಡು ಹಿಡಿದರು. ಬೇರೆ ಊರುಗಳಿಂದ ಬಂದವರೂ ಇದ್ದರು.

ಇನ್ನು ಅಭಿಮಾನಿಗಳ ಪೆನ್ಸಿಲ್ ಅಭಿಯಾನ. ಒಂದು ಡಾಲರ್ ಕೊಟ್ಟರೆ ಒಂದು ಡಜನ್ ಪೆನ್ಸಿಲ್ ನಿಮ್ಮ ಪರವಾಗಿ ಸ್ಟುಡಿಯೋ ಯಜಮಾನರಿಗೆ ಹೋಗುತ್ತಿತ್ತು. ಹೀಗೆ ಲಕ್ಷಗಟ್ಟಲೆ ಪೆನ್ಸಿಲ್ ಸೇರಿದವು. ತಮಾಷೆ ಅನ್ನಿಸಬಹುದು. ಆದರೆ ಅದೇ ವರ್ಷ ಮೇ ತಿಂಗಳಲ್ಲಿ ಸಿಬಿಎಸ್ ಚಾನೆಲ್ 'ಜೆರಿಕೊ' ಎಂಬ ಶೋ ನಿಲ್ಲಿಸಿದಾಗ ಅಭಿಮಾನಿಗಳು ಸುಮಾರು 20 ಟನ್ ಕಡಲೆಕಾಯಿ ಕಳಿಸಿದ್ದರು. ಬಸವನಗುಡಿಯ ಪರಿಷೆ ನೆನಪಾಗುವಷ್ಟು! ಕೊನೆಯ ಕಂತಿನಲ್ಲಿ ಶರಣಾಗು ಎಂದವರಿಗೆ ನಾಯಕ ಕೊಟ್ಟ ಉತ್ತರ 'ನಟ್ಸ್', ಅಂದರೆ 'ಹೋಗಯ್ಯಾ'. ಇಂಗ್ಲಿಷ್‌ನಲ್ಲಿ ಕಾಯಿಬೀಜಗಳಿಗೂ ಅದೇ ಪದ, ಅದಕ್ಕೇ ಕಡಲೆಕಾಯಿ. ಚಾನೆಲ್ ಸೋತು ಇನ್ನೂ ಏಳು ಕಂತು ಮಾಡಿಸಿತು. ಕಚೇರಿ ತುಂಬ ಮೂಟೆ ಬಿದ್ದಾಗ ಎಂಥ ಯಜಮಾನರೂ ಕಿಟಕಿಯಿಂದ ಇಣುಕುತ್ತಾರೆ.

ಆದರೆ ನನಗೆ ಪೆನ್ಸಿಲ್‌ಗಿಂತ ದೊಡ್ಡದಾಗಿ ಕಾಣುವುದು ಬೇರೆ. ಟಿವಿ ಮುಷ್ಕರದಲ್ಲಿ ಮಾಲೀಕರ ಕೈಯಲ್ಲಿರುವ ಒಳ್ಳೆಯ ಆಯುಧ ಅಂದರೆ ನೋಡುವವರ ಸಿಟ್ಟು. 'ನೋಡಿ, ನಿಮ್ಮ ಶೋ ನಿಂತದ್ದು ಇವರಿಂದ.' ಆ ಚಳಿಗಾಲ 'ಹೀರೋಸ್' ಹನ್ನೊಂದು ಕಂತಿಗೆ ನಿಂತಿತು. 'ಬ್ರೇಕಿಂಗ್ ಬ್ಯಾಡ್' ಮೊದಲ ಸೀಸನ್ ಏಳೇ ಕಂತಿಗೆ ಮುಗಿಯಿತು. ಸಿಟ್ಟು ಬರುವುದು ಸಹಜ. ಆ ಸಿಟ್ಟನ್ನು ಬರೆಯುವವರ ಮೇಲೆ ಹಾಕಲ್ಲ ಅಂತ ಅಭಿಮಾನಿ ತೀರ್ಮಾನಿಸಿದರೆ ಆಯುಧ ಮೊಂಡಾಗುತ್ತದೆ. ಪಿಜ್ಜಾದ ನಿಜವಾದ ಅರ್ಥ ಇಷ್ಟೇ. ನಾವು ಕಾಯುತ್ತೇವೆ, ನೀವು ಗಡಿಬಿಡಿಯಲ್ಲಿ ಸಹಿ ಹಾಕಬೇಡಿ.

2023ರಲ್ಲಿ ಡಿವಿಡಿ ಜಾಗದಲ್ಲಿ ಸ್ಟ್ರೀಮಿಂಗ್ ಇತ್ತು. ಲೆಕ್ಕದ ಜಾಡು ಅದೇ. 2019ರಲ್ಲೇ ಮುಗಿದಿದ್ದ 'ಸೂಟ್ಸ್' ಶೋ ಅನ್ನು ಆ ವರ್ಷ ಅಮೆರಿಕದವರು 5770 ಕೋಟಿ ನಿಮಿಷ ನೋಡಿದರು ಎಂದು ವೀಕ್ಷಣೆ ಅಳೆಯುವ ನೀಲ್ಸನ್ ಸಂಸ್ಥೆ ಲೆಕ್ಕ ಹಾಕಿತು. ಮೊದಲ ಸೀಸನ್ ಬರೆದ ಆರು ಜನರಿಗೆ ಮೂರು ತಿಂಗಳಿಗೆ ಬಂದದ್ದು ಒಟ್ಟು 3000 ಡಾಲರ್‌ಗಿಂತ ಕಡಿಮೆ ಎಂದು ಅವರಲ್ಲೊಬ್ಬರು ಬರೆದರು. ನಿಮಿಷಗಳೆಲ್ಲ ನಮ್ಮವು. ಅದು ಯಾರ ಜೇಬಿಗೆ ಹೋಯಿತು ಅಂತ ಕೇಳುವ ಹಕ್ಕೂ ನಮ್ಮದೇ ಅಲ್ವಾ?

ವಿರೋಧ: ಟಿವಿ ಆಫ್ ಮಾಡದವರ ಬೆಂಬಲ

ಕೇಳಿ, ಯಾರು ಬೇಡ ಅಂದರು? ಆದರೆ ಕೇಳುವುದು ಬೇರೆ, ನೋಡುವುದನ್ನು ಬಿಡುವುದು ಬೇರೆ.

'ಸೂಟ್ಸ್' ಉದಾಹರಣೆಯನ್ನೇ ಹಿಡಿಯೋಣ. ಅಷ್ಟು ಕೋಟಿ ನಿಮಿಷದಲ್ಲಿ ದೊಡ್ಡ ಪಾಲು ಓಡಿದ್ದು ಯಾವಾಗ? 2023ರ ಬೇಸಿಗೆಯಲ್ಲಿ. ಅಂದರೆ ಬರಹಗಾರರು ಬಿಸಿಲಲ್ಲಿ ಸುತ್ತುತ್ತಿದ್ದಾಗಲೇ. ಜುಲೈಯಿಂದ ಸೆಪ್ಟೆಂಬರ್ ನಡುವೆ ನೆಟ್‌ಫ್ಲಿಕ್ಸ್‌ಗೆ ಜಗತ್ತಿನಾದ್ಯಂತ 87 ಲಕ್ಷಕ್ಕೂ ಹೆಚ್ಚು ಹೊಸ ಚಂದಾದಾರರು ಬಂದರು. ಪಾಸ್‌ವರ್ಡ್ ಹಂಚಿಕೊಳ್ಳುವುದನ್ನು ಕಂಪನಿ ತಡೆದದ್ದು ಅದಕ್ಕೆ ದೊಡ್ಡ ಕಾರಣ, ಒಪ್ಪುತ್ತೇನೆ. ಆದರೂ ಮುಷ್ಕರದ ಹೊತ್ತಲ್ಲಿ ಕಂಪನಿಗೆ ನೋಡುವವರಿಂದ ಬಿದ್ದ ಏಟು ಎಲ್ಲಿದೆ ತೋರಿಸಿ. ಚಂದಾ ರದ್ದು ಮಾಡಿ ಅಂತ ಬರಹಗಾರರ ಸಂಘವೂ ಕೇಳಲಿಲ್ಲ ನಿಜ. ಅಭಿಮಾನಿಗೆ ಅದೊಂದು ಒಳ್ಳೆಯ ನೆಪ ಆಯಿತು. ಕೈಯಲ್ಲಿ ಬೋರ್ಡು, ಜೇಬಲ್ಲಿ ಚಂದಾ.

2008ರ ಚಳಿಗಾಲದಲ್ಲೂ ಅದೇ. ಕಥೆಯ ಶೋಗಳು ನಿಂತಾಗ ಚಾನೆಲ್‌ಗಳು ರಿಯಾಲಿಟಿ ಶೋ ತುಂಬಿದವು. ಬೇಸಿಗೆಗೆ ಬರುತ್ತಿದ್ದ 'ಬಿಗ್ ಬ್ರದರ್' ಫೆಬ್ರವರಿಯಲ್ಲೇ ಬಂತು. ನಮ್ಮ 'ಬಿಗ್ ಬಾಸ್'ನ ಅಮೆರಿಕದ ಅಣ್ಣ ಅದು. 'ಅಮೆರಿಕನ್ ಗ್ಲಾಡಿಯೇಟರ್ಸ್' ಎಂಬ ಕುಸ್ತಿ ಕಸರತ್ತಿಗೆ ಜನ ಮುಗಿಬಿದ್ದರು. ಬರಹಗಾರರಿಲ್ಲದೆಯೂ ಟಿವಿ ನಡೆಯುತ್ತದೆ ಎಂಬ ಮಾತಿಗೆ ಪುರಾವೆ ಒದಗಿಸಿದವರು ನೋಡುವವರೇ. ಅವರೆಲ್ಲ ಪೆನ್ಸಿಲ್ ಕಳಿಸಿದವರಲ್ಲ ಅನ್ನಬಹುದು. ಸರಿ. ಆದರೆ ಚಾನೆಲ್‌ಗೆ ಕಾಣುವುದು ಒಟ್ಟು ತಲೆ ಎಣಿಕೆ. ಯಾರ ತಲೆ ಅಂತ ಅಲ್ಲ.

ಪೆನ್ಸಿಲ್‌ನಿಂದ ಮುಷ್ಕರ ಮುಗಿಯಿತೇ? 2008ರ ಜನವರಿ 17ರಂದು ನಿರ್ದೇಶಕರ ಸಂಘ ಸ್ಟುಡಿಯೋಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಬರಹಗಾರರ ಒಪ್ಪಂದ ನಿಂತದ್ದು ಆ ಅಚ್ಚಿನ ಮೇಲೆ. ನಟರು ಬರುವುದಿಲ್ಲ ಎಂದದ್ದರಿಂದ ಗೋಲ್ಡನ್ ಗ್ಲೋಬ್ ಸಮಾರಂಭ ಬರೀ ಪತ್ರಿಕಾಗೋಷ್ಠಿಯಾಯಿತು. ಫೆಬ್ರವರಿ 24ಕ್ಕೆ ಆಸ್ಕರ್ ಇತ್ತು. ಅದಕ್ಕೂ ಆ ಗತಿ ಬರುತ್ತದೆ ಎಂಬ ಭಯ ಕೆಲಸ ಮಾಡಿತು. ಇಂಟರ್‌ನೆಟ್ ಪಾಲು ಸಿಕ್ಕಿತು, ಅದು ದೊಡ್ಡದೇ. ಡಿವಿಡಿಯ ನಾಲ್ಕು ಸೆಂಟ್ ಮಾತ್ರ ನಾಲ್ಕು ಸೆಂಟಾಗಿಯೇ ಉಳಿಯಿತು. ಕಡಲೆಕಾಯಿಯ ಕಥೆಯನ್ನೂ ಅರ್ಧಕ್ಕೇ ಬಿಟ್ಟಿದ್ದೀರಿ. 'ಜೆರಿಕೊ'ದ ಏಳು ಕಂತು ಫೆಬ್ರವರಿಯಲ್ಲಿ ಶುರುವಾದವು. ಮಾರ್ಚ್‌ನಲ್ಲಿ ಚಾನೆಲ್ ಅದನ್ನು ಎರಡನೇ ಸಲ ನಿಲ್ಲಿಸಿತು.

ನನ್ನ ನಿಜವಾದ ತಕರಾರು ಇದಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಅದು.

ಒಂದು ಶೋ ನಿಂತರೆ ಹತ್ತಾರು ಬರಹಗಾರರ ಜೊತೆ ನೂರಾರು ಬೇರೆಯವರ ಕೆಲಸ ನಿಲ್ಲುತ್ತದೆ. ಲೈಟ್ ಹಿಡಿಯುವವರು, ಬಡಗಿಗಳು, ಬಟ್ಟೆ ಇಸ್ತ್ರಿ ಮಾಡುವವರು, ಮೇಕಪ್‌ನವರು, ವ್ಯಾನ್ ಓಡಿಸುವವರು, ಊಟ ಬಡಿಸುವವರು. ಹಾಲಿವುಡ್ ತಂತ್ರಜ್ಞರ ಆರೋಗ್ಯ ವಿಮೆ ಮುಂದುವರಿಯಬೇಕಾದರೆ ಆರು ತಿಂಗಳಲ್ಲಿ 400 ಗಂಟೆ ಕೆಲಸ ಮಾಡಿರಬೇಕು. ಮುಷ್ಕರದಿಂದ ಕೆಲಸ ನಿಂತರೆ ಆ ಗಂಟೆ ತುಂಬುವುದು ಕಷ್ಟ. ಅವರಿಗೆ ಮುಷ್ಕರದಲ್ಲಿ ಮತ ಇರಲಿಲ್ಲ. ಗೆದ್ದ ಮೇಲೆ ಪಾಲೂ ಸಿಗುವುದಿಲ್ಲ. ಅವರಿಗಾಗಿ ಅಭಿಮಾನಿ ಏನು ಕಳಿಸಿದ? ಲಾಂಡ್ರಿಯವಳ ಹೆಸರು ಶೋ ಕೊನೆಯಲ್ಲಿ ಓಡಿಹೋಗುತ್ತದೆ, ಅಷ್ಟರಲ್ಲಿ ನಾವು ಮುಂದಿನ ಕಂತು ಒತ್ತಿರುತ್ತೇವೆ.

ಬರಹಗಾರರಲ್ಲೂ ಎಲ್ಲರೂ ಒಂದೇ ಅಲ್ಲ. ಅಭಿಮಾನಿಗೆ ಗೊತ್ತಿರುವುದು ದೊಡ್ಡ ಹೆಸರು. ಜಾಸ್ ವೀಡನ್ ಬಂದ ದಿನ ಗೇಟಿನ ಮುಂದೆ ಜಾತ್ರೆ. ಮೊದಲ ಸಲ ಕೆಲಸ ಸಿಕ್ಕಿ ಎರಡೇ ವಾರದಲ್ಲಿ ಮುಷ್ಕರಕ್ಕೆ ಬಿದ್ದ ಹುಡುಗಿಯ ಜೊತೆ ಫೋಟೋ ತೆಗೆಸಿಕೊಳ್ಳಲು ಯಾರೂ ವಿಮಾನ ಹತ್ತುವುದಿಲ್ಲ. ಇದು ಸಂಘಟನೆಯ ಪ್ರೀತಿಯೋ, ಸ್ಟಾರ್ ಪ್ರೀತಿಯೋ? ನನಗೆ ಎರಡನೆಯದೇ ಜಾಸ್ತಿ ಅನ್ನಿಸುತ್ತದೆ.

ನೋಡುವವನ ಸ್ವಾರ್ಥವನ್ನೂ ಹೇಳಿಬಿಡೋಣ, ಅದರಲ್ಲಿ ನಾಚಿಕೆ ಏನಿದೆ? 'ಪುಶಿಂಗ್ ಡೇಸೀಸ್' ಎಂಬ ಹೊಸ ಶೋ ಒಂಬತ್ತು ಕಂತಿಗೆ ನಿಂತಿತು. ಮತ್ತೆ ಬಂದದ್ದು 2008ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಜನ ಮರೆತಿದ್ದರು, ಆ ಸೀಸನ್‌ಗೇ ಅದು ಮುಗಿಯಿತು. ಹಳೆಯ ಶೋ ಮುಷ್ಕರ ತಡೆದುಕೊಳ್ಳುತ್ತದೆ. ಎಳೆಯ ಶೋ ಸಾಯುತ್ತದೆ, ಅದರ ಬರಹಗಾರರ ಕೆಲಸದ ಸಮೇತ.

2023ರ ಒಪ್ಪಂದಕ್ಕೆ ಶೇ 99 ಮತ ಬಿತ್ತು. ಕೃತಕ ಬುದ್ಧಿಮತ್ತೆ ಬರೆದದ್ದನ್ನು ಮೂಲ ಬರಹ ಅಂತ ಹೇಳುವ ಹಾಗಿಲ್ಲ, ಬರಹಗಾರರ ತಂಡ ತೀರಾ ಚಿಕ್ಕದಾಗುವ ಹಾಗಿಲ್ಲ, ಜಾಸ್ತಿ ಜನ ನೋಡಿದ ಶೋಗೆ ಬೋನಸ್ ಕೊಡಬೇಕು. ಒಳ್ಳೆಯ ಷರತ್ತುಗಳೇ. ಆದರೆ ಸ್ಟುಡಿಯೋಗಳು ಆಗಲೇ ಖರ್ಚು ಕಡಿಮೆ ಮಾಡಲು ಹೊರಟಿದ್ದವು. 2023-24ರ ಸೀಸನ್‌ನಲ್ಲಿ ಟಿವಿ ಬರವಣಿಗೆಯ ಕೆಲಸಗಳು ಶೇ 42ರಷ್ಟು ಇಳಿದವು ಎಂದು ಬರಹಗಾರರ ಸಂಘವೇ ಲೆಕ್ಕ ಕೊಟ್ಟಿತು. ಆ ವರ್ಷ ಪಿಜ್ಜಾ ತರಿಸಿಕೊಡಲು ಗೇಟಿನ ಮುಂದೆ ಯಾರೂ ಇರಲಿಲ್ಲ. ಕೆಲಸ ಕಳೆದುಕೊಂಡವರು ಮನೆಯಲ್ಲಿ ಕೂತಿದ್ದರು.

ಬಿಸಿ ಬೆಂಗಳೂರಿಗೂ ತಟ್ಟಿತು. ಹಾಲಿವುಡ್‌ಗೆ ವಿಎಫ್‌ಎಕ್ಸ್ ಮಾಡಿಕೊಡುತ್ತಿದ್ದ ಟೆಕ್ನಿಕಲರ್ ಕಂಪನಿ 2025ರ ಫೆಬ್ರವರಿಯಲ್ಲಿ ಕುಸಿಯಿತು. ಕಂಪನಿಯ ಒಳಗಿನ ತೊಂದರೆಗಳ ಜೊತೆಗೆ, ಬರಹಗಾರರ ಮುಷ್ಕರದ ನಂತರ ಆರ್ಡರ್‌ಗಳು ನಿಧಾನವಾಗಿ ಬಂದದ್ದೂ ಒಂದು ಕಾರಣ ಎಂದು ಆಡಳಿತವೇ ಹೇಳಿತು. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಬೇರೆಯವರ ಕಥೆಗೆ ಬೆಂಕಿ, ಮಳೆ, ರಾಕ್ಷಸರನ್ನು ಬಿಡಿಸುತ್ತಿದ್ದ ಹುಡುಗ ಹುಡುಗಿಯರು ಕೆಲಸ ಕಳೆದುಕೊಂಡರು. ಅವರಲ್ಲೂ ಆ ಶೋಗಳ ಅಭಿಮಾನಿಗಳು ಇದ್ದೇ ಇರುತ್ತಾರೆ. ಯಾರಿಗೆ ಗೊತ್ತು, 2023ರಲ್ಲಿ ಬರಹಗಾರರ ಪೋಸ್ಟುಗಳಿಗೆ ಅವರೂ ಒಂದು ಲೈಕ್ ಒತ್ತಿರಬಹುದು.